ಗೇಜು

ಸೂಜಿಗೂ ಗೇಜು ಇರ್ತೈತಾ ಅಂತ ಕೇಳಿದರು ಹಾಲೇಶಪ್ಪ,
ಮೇಜಿನ ಮೇಲೆ, ಬಲಗೈ ತಲೆಯಡಿ ಇಟ್ಟು ಮಲಗಿ.
ಇರುತ್ತೆ, ಇದು ಇಪ್ಪತ್ತೆರಡು, ಅಂದೆ.
ನಮ್ಮಲ್ಲಿ ನಂಬರು ಏರಿದಷ್ಟೂ ಸೂಜಿ ಸಣ್ಣ.
ನಕ್ಕರು. ನಾಲೇಲಿ ಹಂಗಲ್ಲವ್ವ,
ಗೇಜು ಏರಿತು ಅಂದ್ರೆ ನೀರು ಏರಿತು ಅಂತ.

ಮೂವತ್ತೊಂದು ವರ್ಷ ಭದ್ರಾ ನಾಲೆಯ ಸೌಡಿ.
ತೂಬಿನ ಚಕ್ರ ತಿರುಗಿಸಿ ತಿರುಗಿಸಿ
ಒಂದು ಭುಜ ಇನ್ನೊಂದಕ್ಕಿಂತ ಬೆರಳಷ್ಟು ಕೆಳಗೆ.
ಈಗ ಕಣ್ಣು, ಉಗುರಿನ ಬುಡ, ನಾಲಿಗೆಯಡಿ
ಎಲ್ಲ ಹಳದಿ; ಮೈತುಂಬ ಕೆರೆದ ಗೀರು.
ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅಂತಾರಲ್ಲ,
ಸುಳ್ಳು ಅದು. ನಿನ್ನ ಬಟ್ಟೆ ನೀಲಿ, ಕಾಣ್ತೈತಿ.
ನಾನು ಹಳದಿ, ಅಷ್ಟೇ.

ಮೊಣಕೈ ಮೇಲೆ ಬರೆಯ ಗುರುತು, ಒಣಗಿದೆ.
ಮೂರು ಭಾನುವಾರ ನೆಲನೆಲ್ಲಿ ಕುಡಿದಿದ್ದಾರೆ.
ನಾನು ಬೈಯಲಿಲ್ಲ. ನಮ್ಮಬ್ಬಾ ಮಂಡಕ್ಕಿ ಭಟ್ಟಿಯಲ್ಲಿ
ಬಿಸಿ ಮರಳು ಕೆದಕುತ್ತ ಕೆಮ್ಮಿದಾಗ
ನಾವೂ ಏನೇನೋ ಕುಡಿಸಿದ್ದೆವು.

ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ಅಂತ
ವಿಟಮಿನ್ ಕೊಟ್ಟು ಎರಡು ದಿನ ಕಾಯಿಸಿದ್ದೆವು.
ಹೊರಗೆ ಪಿ.ಬಿ. ರಸ್ತೆಯ ಹಾರನ್ನು. ಒಳಗೆ ಡಾಕ್ಟರ್ ವಾಗೀಶ್
ಪಕ್ಕೆಲುಬಿನ ಸಂದಿಗೆ ಬೆರಳಿಟ್ಟು ಎಣಿಸುತ್ತಾರೆ.
ಮರಗಟ್ಟುವ ಮದ್ದು. ಆಮೇಲೆ ಸೂಜಿ,
ಹಸಿರು ಬಟ್ಟೆಯ ತೂತಿನಿಂದ ನೇರ ಯಕೃತ್ತಿಗೆ.
ಸೀಸದ ಅಂಗಿ ತೊಟ್ಟ ನಾನು ಹೇಳಬೇಕಾದ ಮಾತು ಒಂದೇ:
ಉಸಿರು ಹಿಡೀರಿ.
ಬಿಡಿ.
ದಿನಕ್ಕೆ ನಲವತ್ತು ಸಲ ಹೇಳಿ ಹೇಳಿ
ಮನೆಯಲ್ಲಿ ಹಾಲು ಉಕ್ಕುವಾಗಲೂ ಬಾಯಿಗೆ ಬರುತ್ತೆ.

ಸೂಜಿ ಹಿಂದಕ್ಕೆ ಎಳೆಯುತ್ತ ತೊಟ್ಟು ತೊಟ್ಟು ಬಣ್ಣ.
ಮೊದಲ ಸಲ ಸಿಕ್ಕಿದ್ದು ರಕ್ತನಾಳ:
ಕಪ್ಪು ಒಂದು ಗಳಿಗೆ ಮಿಂಚಿ, ಗುಂಡಿಗೆಯ ಕಡೆ
ಹರಪನಹಳ್ಳಿಯ ಕೊನೇ ಬಸ್ಸು ಹಿಡಿಯುವವರ ಹಾಗೆ ಓಡಿತು.
ಎರಡನೆಯ ಸಲ ಬರೀ ಮಸಿಯ ಕಲೆ.
ಮೂರನೆಯ ಸಲ
ಓಡಲಿಲ್ಲ.
ನಿಂತಿತು, ಯೋಚಿಸಿತು, ಮೆಲ್ಲಗೆ
ಇಳಿಜಾರು ಹುಡುಕಿತು.
ಪರದೆಯ ಮೇಲೆ ಪಿತ್ತದ ದಾರಿಗಳೆಲ್ಲ
ಉಬ್ಬಿ, ಸೊಟ್ಟಗೆ, ಕವಲಿಗೆ ಕವಲು ಕೂಡುತ್ತ
ನೋಡನೋಡುತ್ತ ತುಂಬಿದವು.
ಪುಸ್ತಕದಲ್ಲಿ ಇದಕ್ಕೆ ಮರ ಅಂತಾರೆ.

ಹಾಲೇಶಪ್ಪ ಕತ್ತು ಹೊರಳಿಸಿದರು. ಅಲುಗಾಡಬೇಡಿ ಅಂದೆ.
ಮರ ಅಲ್ಲವ್ವ ಅದು.
ಹೊಲಗಾಲುವೆ, ಉಪನಾಲೆ, ಅಗಾ ಅಲ್ಲಿ ಎರಡೂ ಕೂಡಬೇಕು,
ಕೂಡಿಲ್ಲ. ಮೇಲೆ ನೀರು ನಿಂತೈತಿ,
ಕೆಳಗೆ ಒಂದು ತೊಟ್ಟಿಲ್ಲ.
ಟೇಲೆಂಡಿನವರು ಬೈತಿರ್ತಾರೆ ಈಗ.

ಯಾರೂ ನಗಲಿಲ್ಲ. ಡಾಕ್ಟರು ಪರದೆಗೆ ಮುಖ ಹತ್ತಿರ ತಂದರು.
ಕಲ್ಲು ಕೂತಿದ್ದರೆ ಬಣ್ಣದ ತುದಿ ಬಟ್ಟಲಿನಂತೆ ದುಂಡಗೆ ನಿಲ್ಲುತ್ತದೆ,
ಎಂಟು ವರ್ಷದಲ್ಲಿ ಅಷ್ಟು ಕಲಿತಿದ್ದೇನೆ.
ಇದು ದುಂಡಗಿರಲಿಲ್ಲ.
ಇಲಿ ಕಡಿದ ಹಗ್ಗದ ತುದಿ.

ಹೂಳೇನು? ಕೇಳಿದರು.
ನೋಡೋಣ, ಅಂದರು ಡಾಕ್ಟರು.
ಹೂಳಾದ್ರೆ ತೆಗೀಬೌದು, ಸೂರು ನೋಡುತ್ತ ಅಂದರು ಹಾಲೇಶಪ್ಪ,
ದಂಡೇನೇ ಒಳಕ್ಕೆ ಬೆಳೆದಿದ್ರೆ ಕಷ್ಟ.
ಉಸಿರು ಹಿಡೀರಿ, ಅಂದೆ.
ಆಗ ಅದು ಬೇಕಿರಲಿಲ್ಲ.

ಸೂಜಿಯ ದಾರಿಯಲ್ಲೇ ತಂತಿ, ತಂತಿಯ ದಾರಿಯಲ್ಲೇ ಕೊಳವೆ.
ಹೊಲಿದು, ಚೀಲ ಕಟ್ಟಿದೆವು. ಪಿತ್ತ ಇಳಿಯಿತು,
ಒಲೆಯ ಮೇಲೆ ಮರೆತ ಕಷಾಯದ ಬಣ್ಣ.

ಸಂಜೆ ವಾರ್ಡಿಗೆ ಹೋದರೆ ದಿಂಬಿನಡಿಯಿಂದ
ಇಲಾಖೆಯ ಗೇಜ್ ಬುಕ್ಕು ತೆಗೆದರು,
ನಿವೃತ್ತಿಯ ದಿನ ವಾಪಸ್ ಕೊಡದೆ ಉಳಿಸಿಕೊಂಡದ್ದು.
ದಿನಾಂಕ. ವೇಳೆ. ಗೇಟು: ಬಲಪಕ್ಕೆ.
ಹರಿವು: ಮುನ್ನೂರ ಐವತ್ತು,
ಕ್ಯೂಸೆಕ್ ಅನ್ನುವುದನ್ನು ಹೊಡೆದುಹಾಕಿ ಎಂ.ಎಲ್.
ಷರಾ ಅನ್ನುವ ಅಂಕಣ ಖಾಲಿ.
ಕಣ್ಣಾರೆ ಕಂಡವರ ಸಹಿ ಬೇಕು, ಇಲ್ಲಾಂದ್ರೆ
ಲೆಕ್ಕ ಒಪ್ಪಲ್ಲ, ಅಂತ ಪೆನ್ನು ಚಾಚಿದರು.
ಶಾಹಿದಾ ಬಾನು, ಎಕ್ಸ್‌ರೇ ವಿಭಾಗ, ಅಂತ ಬರೆದೆ.
ನಾಳೆದೂ ನೀನೇ ಹಾಕಬೇಕು, ಅಂದರು.